ಟ್ರ್ಯಾಕ್ಟರ್ ಸೀಟಿನ ಕೆಳಗೆ ಐರ್ಲೆಂಡ್

ನನ್ನ ಟ್ರ್ಯಾಕ್ಟರಿನ ಸೀಟಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇದೆ. ಅದರೊಳಗೆ ಎರಡು ಸ್ಪ್ಯಾನರು, ಒಂದು ಸುತ್ತಿಗೆ, ಗ್ರೀಸು ಒರೆಸುವ ಹಳೆಯ ಬನಿಯನ್ನು ಮತ್ತು ಐರ್ಲೆಂಡ್ ದೇಶ ಇವೆ.

ಐರ್ಲೆಂಡ್ ಅಲ್ಲಿಗೆ ಬಂದದ್ದು ಹೋದ ವರ್ಷ ಆಷಾಢದಲ್ಲಿ. ಮುನ್ನೂರ ಹನ್ನೆರಡು ಪುಟದ ಕಾದಂಬರಿ ಅದು. ಈಗ ತೆಗೆದು ನೋಡಿದರೆ ಪುಟಗಳ ಮೂಲೆಯಲ್ಲೆಲ್ಲ ನನ್ನ ಹೆಬ್ಬೆಟ್ಟಿನ ಗ್ರೀಸು ಗುರುತು. ಎಲ್ಲಿ ಗುರುತು ಹೆಚ್ಚು ಕಪ್ಪಾಗಿದೆಯೋ ಅಲ್ಲಿ ನಾನು ಹೆಚ್ಚು ಹೊತ್ತು ನಿಂತಿದ್ದೆ ಎಂದು ತಿಳಿಯಬೇಕು. ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ವರ್ಷ ಪರೀಕ್ಷೆಗೂ ನನಗೂ ನಡುವೆ ಒಂದು ಜೊತೆ ಎತ್ತು ಬಂದು ನಿಂತವು. ನಾನು ಎತ್ತಿನ ಕಡೆ ಹೋದೆ. ಆಮೇಲೆ ಓದಿದ್ದೆಂದರೆ ಗೊಬ್ಬರದ ಚೀಲ, ಮದುವೆಯ ಕರೆಯೋಲೆ, ಬಸ್ಸಿನ ಬೋರ್ಡು. ಅಂಥವನು ಮುನ್ನೂರ ಹನ್ನೆರಡು ಪುಟ ಮುಗಿಸಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮದ್ದೂರಿನಲ್ಲಿ ಟೈರಿಗೆ ಗಾಳಿ ಹಾಕುವವನಿಗೂ ಹೇಳಿದ್ದೇನೆ.

ಆದರೆ ಮುಗಿಸಿದೆ ಎನ್ನುವುದು ಪೂರ್ತಿ ನಿಜವಲ್ಲ. ಬೇರೆಯವರಿಗೆ ಗಟ್ಟಿಯಾಗಿ ಓದುವಾಗ ಎರಡು ಕಡೆ ಹಾರಿಸಿದ್ದೇನೆ. ಆ ಎರಡು ಕಡೆಯ ವಿಷಯ ಹೇಳುವುದಕ್ಕೇ ಬರೆಯಲು ಕೂತದ್ದು. ಮೊದಲು ತಂಗಿಯ ವಿಷಯ ಹೇಳಿಬಿಡುತ್ತೇನೆ. ಅದು ಜಂಬದ ವಿಷಯ, ಬಾಯಿಗೆ ಸುಲಭವಾಗಿ ಬರುತ್ತದೆ.

ತಂಗಿಯ ಹೆಸರು ಭಾಗ್ಯ, ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಅವಳಿಗೆ ಅಕ್ಷರ ಕಲಿಸಿದ್ದು ನಾನು. ಆಲೆಮನೆಯ ಒಲೆಯಿಂದ ತೆಗೆದ ಬೂದಿಯನ್ನು ನೆಲದ ಮೇಲೆ ಹರಡಿ, ಅಂಗೈಯಿಂದ ಸವರಿ, ಕಬ್ಬಿನ ಸಿಬಿರಿನಲ್ಲಿ ಅ ಆ ಬರೆದು ತೋರಿಸುತ್ತಿದ್ದೆ. ಒಂದು ಅಕ್ಷರ ಸರಿಯಾದರೆ ಕೊಪ್ಪರಿಗೆಯ ಅಂಚಿಗೆ ಅಂಟಿದ ಬೆಲ್ಲ ಒಂದು ಚೂರು. ಅವಳು ಅಕ್ಷರಮಾಲೆಯನ್ನು ಎಷ್ಟು ಬೇಗ ತಿಂದು ಮುಗಿಸಿದಳೆಂದರೆ, ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ನಾನು ಬರೆದ ಕಾಗದದಲ್ಲಿ ತಪ್ಪು ಹುಡುಕಿ ನನಗೇ ಬೆಲ್ಲ ಕೊಡುವುದಿಲ್ಲ ಎನ್ನುತ್ತಿದ್ದಳು. ಮುಂದೆ ಭಾರತೀನಗರದ ಕಾಲೇಜಿಗೆ ಸೇರಿದಾಗ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಾನು ಕಾರ್ಖಾನೆಗೆ ಕಬ್ಬು ಹೊತ್ತು ಹೋಗುವಾಗ ಅವಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಾ ಬರುತ್ತಿದ್ದಳು. ಕಾಲೇಜಿನ ಗೇಟಿನ ಮುಂದೆ ಇಳಿದು, ತಲೆಯಿಂದ ಕಬ್ಬಿನ ತರಗು ಕೊಡವಿಕೊಂಡು ಒಳಗೆ ಹೋಗುವುದನ್ನು ನೋಡಿ ನಾನು ಗೇರು ಹಾಕುತ್ತಿದ್ದೆ. ಹಿಂದೆ ಬಂದ ಗಾಡಿಗಳು ಹಾರನ್ನು ಹೊಡೆದರೆ ಹೊಡೆದುಕೊಳ್ಳಲಿ. ಅವಳು ಮೈಸೂರಿಗೆ ಹೋಗಿ ಎಂ.ಎ. ಮಾಡಿದಳು. ಈಗ ಮದ್ದೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷು ಹೇಳಿಕೊಡುತ್ತಾಳೆ. ಐರ್ಲೆಂಡಿನ ಆ ಕಾದಂಬರಿಯನ್ನು ಕನ್ನಡಕ್ಕೆ ತಂದವಳು ಅವಳೇ.

ಇಷ್ಟರವರೆಗೆ ಜಂಬ.

ನಮ್ಮೂರು ಭಾರತೀನಗರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ನಾಲೆ ದಾಟಿದ ಮೇಲೆ ಸಿಗುತ್ತದೆ. ಅಲ್ಲಿ ಎರಡು ಬೀದಿ, ಎರಡು ಪಾರ್ಟಿ. ಮೇಲುಬೀದಿಯವರು ನಾವು, ಕೆಳಬೀದಿಯವರು ಅವರು. ಜಾತಿ ಒಂದೇ, ದೇವರು ಒಂದೇ, ದೇವರಿಗೆ ಬೀಳುವ ಮರಿಯೂ ಒಂದೇ ಮಂದೆಯದು. ಯಾಕೆ ಎರಡಾದೆವು ಎಂದು ಕೇಳಿದರೆ ನಾಲೆ ನೀರಿನ ಸರದಿಗೆ ಎನ್ನುವವರಿದ್ದಾರೆ, ಯಾವುದೋ ಹಳೆಯ ಚುನಾವಣೆಯಲ್ಲಿ ಮಾತು ತಪ್ಪಿದ್ದಕ್ಕೆ ಎನ್ನುವವರಿದ್ದಾರೆ. ಕಾರಣ ಮರೆತಿದ್ದೇವೆ, ಜಗಳವನ್ನು ಮಾತ್ರ ಚೆನ್ನಾಗಿ ಇಟ್ಟುಕೊಂಡಿದ್ದೇವೆ. ಎರಡು ಕ್ಷೌರದಂಗಡಿ, ಎರಡು ಭಜನೆಮನೆ, ಎರಡು ಟೀ ಹೋಟೆಲು. ಹೊಸಬರು ಬಂದರೆ 'ಯಾವ ಪಾರ್ಟಿ' ಎಂದು ಯಾರೂ ಕೇಳುವುದಿಲ್ಲ, ಅದು ಮರ್ಯಾದೆಯಲ್ಲ. "ಟೀ ಎಲ್ಲಿ ಕುಡುದ್ರಿ?" ಎನ್ನುತ್ತೇವೆ. ಉತ್ತರ ಸಿಕ್ಕರೆ ಎಲ್ಲ ಸಿಕ್ಕಂತೆ. ಎರಡೂ ಹೋಟೆಲಿಗೆ ಹಾಲು ಹೋಗುವುದು ಊರಿನ ಒಂದೇ ಡೈರಿಯ ಒಂದೇ ಕ್ಯಾನಿನಿಂದ. ಆದರೂ ಅವರ ಟೀಯಲ್ಲಿ ಅದೇನೋ ಒಂದು ವಾಸನೆ ಎಂದು ನಾವು ನಂಬಿದ್ದೆವು. ನಾನಂತೂ ಒಂದು ಗುಟುಕೂ ಕುಡಿಯದೆ ಮೂವತ್ತು ವರ್ಷ ನಂಬಿದ್ದೆ. ಎರಡೂ ಕಡೆ ಬನ್ನು ತಿನ್ನುತ್ತಿದ್ದದ್ದು ಒಂದು ಕಂದು ನಾಯಿ ಮಾತ್ರ. ಅದಕ್ಕೆ ಒಂದೊಂದು ಬೀದಿಯವರು ಒಂದೊಂದು ಹೆಸರಿಟ್ಟಿದ್ದರು. ಅದು ಎರಡು ಹೆಸರಿಗೂ ಬಾಲ ಆಡಿಸುತ್ತಿತ್ತು.

ಭಾಗ್ಯ ಮೆಚ್ಚಿದ್ದು ಕೆಳಬೀದಿಯ ಉಮೇಶನನ್ನು. ಮದ್ದೂರಿನಲ್ಲಿ ಔಷಧದ ಅಂಗಡಿ ಇಟ್ಟುಕೊಂಡ, ಗಟ್ಟಿಯಾಗಿ ಮಾತೂ ಆಡದ ಹುಡುಗ. ಅವನಲ್ಲಿ ನನಗೆ ಕಂಡ ದೋಷ ಒಂದೇ, ಅವನ ಅಪ್ಪ ಟೀ ಕುಡಿಯುತ್ತಿದ್ದ ಹೋಟೆಲು. ನಾನು ಆಗುವುದಿಲ್ಲ ಎಂದೆ. ಅವರಿಬ್ಬರೂ ಮದ್ದೂರಿನಲ್ಲಿ ರಿಜಿಸ್ಟರ್ ಮಾಡಿಸಿಕೊಂಡರು. ತಂಗಿಗೆ ಧಾರೆ ಎರೆಯಬೇಕಾದವನು ಆ ಹೊತ್ತು ಗದ್ದೆಯಲ್ಲಿ ಕಬ್ಬಿಗೆ ನೀರು ಕಟ್ಟುತ್ತಿದ್ದೆ.

ಅವಳು ಸೇರಿದ ಕೆಳಬೀದಿಯ ಮನೆಗೂ ನಮ್ಮ ಮನೆಗೂ ಇನ್ನೂರು ಹೆಜ್ಜೆ. ಒಂಬತ್ತು ವರ್ಷ ನಾನು ಆ ಇನ್ನೂರು ಹೆಜ್ಜೆ ನಡೆಯಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಅಣ್ಣನಾದವನು ಬಾಗಿನ ತೆಗೆದುಕೊಂಡು ಹೋಗಬೇಕು. ನಮ್ಮ ಕಡೆ ಅದನ್ನು ತಪ್ಪಿಸಿದವನು ಇದ್ದೂ ಇಲ್ಲದವನ ಹಾಗೆ. ಪ್ರತಿ ವರ್ಷ ಹಬ್ಬದ ಹಿಂದಿನ ವಾರ ಮದ್ದೂರಿನ ಸಂತೆಗೆ ಹೋಗುತ್ತಿದ್ದೆ, ಒಂದು ಜೊತೆ ಹೊಸ ಮೊರ ಆರಿಸಿ ತರುತ್ತಿದ್ದೆ, ಹಬ್ಬದ ದಿನ ಅದನ್ನು ಅಟ್ಟದ ಮೇಲೆ ಇಡುತ್ತಿದ್ದೆ. ನನ್ನ ಹೆಂಡತಿ ಜಯ ಒಂದು ತಿಂಗಳು ಕಾದು ಮೊರವನ್ನು ಇಳಿಸಿ ರಾಗಿ ಕೇರುತ್ತಿದ್ದಳು. ಊರಿನಲ್ಲಿ ಮೊರ ಬೇಕಾದವರು ಸಾಲ ಕೇಳಲು ನಮ್ಮ ಮನೆಗೇ ಬರುತ್ತಿದ್ದರು.

ಎರಡು ಬೀದಿಗೂ ಕಾಲಿಡುತ್ತಿದ್ದವಳು ನಮ್ಮವ್ವ ಒಬ್ಬಳೇ. ಯಾರಾದರೂ ಕೇಳಿದರೆ, "ನಂಗ್ಯಾವ ಪಾಲ್ಟಿನ್ಲಾ? ನಾನು ಇಬ್ರನ್ನೂ ಎತ್ತವ್ಳು," ಎನ್ನುತ್ತಿದ್ದಳು. ಆಷಾಢದ ಒಂದು ಸಂಜೆ ಅವಳು ಕೆಳಬೀದಿಯಿಂದ ಬಂದು ಸೆರಗಿನ ಒಳಗಿನಿಂದ ಆ ಪುಸ್ತಕ ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು.

"ನಿನ್ ತಂಗಿ ಬರ್ದವ್ಳೆ. ಓದಿ ಏಳು."

"ಅವಳೇ ಓದ್ ಏಳ್ಬೋದಿತ್ತಲ್ಲ?"

"ಅವ್ಳಿಗೆ ಕಾಲೇಜು ಮಕ್ಕಳಿಗೆ ಓದಿ ಗಂಟ್ಲು ಕಟ್ಟದೆ. ನಿಂದೇನ್ ಗಂಟ್ಲು, ಎತ್ತು ಒಡ್ಯೋ ಗಂಟ್ಲು. ಓದು."

ಹೊದಿಕೆಯ ಮೇಲೆ ಅವಳ ಹೆಸರು ನೋಡಿದೆ. ಬೂದಿಯ ಮೇಲೆ ನಾನು ಬರೆಸಿದ್ದ ಅದೇ ಎರಡು ಅಕ್ಷರ. ಪುಟ ತಿರುಗಿಸಿದೆ. ಎರಡನೇ ಹಾಳೆಯ ನಡುವೆ ಸಣ್ಣ ಅಕ್ಷರದಲ್ಲಿ ಒಂದೇ ಸಾಲು ಇತ್ತು: 'ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಕಾಲೇಜಿಗೆ ಬಿಟ್ಟ ಅಣ್ಣನಿಗೆ.'

"ಯಾಕ್ಲಾ, ಮೊದ್ಲಲ್ಲಿ ಏನೂ ಇಲ್ವಾ?" ಎಂದಳು ಅವ್ವ.

"ಏನೂ ಇಲ್ಲ ಕಣವ್ವ. ಪ್ರೆಸ್ಸಿನೋರ ಅಡ್ರೆಸ್ಸು," ಎಂದು ಹಾಳೆ ಮಗುಚಿ ಮೊದಲನೇ ಅಧ್ಯಾಯಕ್ಕೆ ಹೋದೆ.

ಇದು ಮೊದಲು ಹಾರಿಸಿದ ಜಾಗ.

ಸಂಜೆಯ ಹೊತ್ತು ಅವ್ವನಿಗೆ ಓದಿದ್ದು ಸಾಲದೆ ಪುಸ್ತಕವನ್ನು ನಾನು ಕಾರ್ಖಾನೆಯ ಯಾರ್ಡಿಗೂ ಒಯ್ಯತೊಡಗಿದೆ. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಜೀವನದ ದೊಡ್ಡ ಪಾಲು ಅಲ್ಲೇ ಕಳೆಯುವುದು. ತೂಕದ ಸರದಿಗೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಟ್ರೇಲರಿನ ನೆರಳಿನಲ್ಲಿ ಡ್ರೈವರುಗಳು ಇಸ್ಪೀಟು ಆಡುತ್ತಾರೆ, ನಿದ್ದೆ ಮಾಡುತ್ತಾರೆ, ಕಬ್ಬು ಸಿಗಿದು ತಿನ್ನುತ್ತಾ ಊರವರನ್ನೆಲ್ಲ ಬಯ್ಯುತ್ತಾರೆ. ಅಂಥ ಜಾಗದಲ್ಲಿ ನಾನು ಪುಸ್ತಕ ಬಿಚ್ಚಿದೆ.

ಮಳವಳ್ಳಿ ಕಡೆಯ ಪುಟ್ಟಸ್ವಾಮಿ ನನ್ನ ಹಳೆಯ ಸ್ನೇಹಿತ. ಅವನು ಇಸ್ಪೀಟು ಬಿಟ್ಟು ಎದ್ದು ಬಂದ.

"ಏನ್ಲಾ ರಾಜ, ಡೀಸಿ ಆಗ್ತೀಯಾ?"

"ಕಾದಂಬ್ರಿ ಕಣ್ಲಾ. ಐರ್ಲೆಂಡ್ದು."

"ಐರ್ಲೆಂಡ್ ಅಂದ್ರೆ ಕಿರ್ಕೆಟ್ ಆಡ್ತಾರಲ್ಲ, ಅವ್ರಾ? ಅವ್ರ್ದೇನು ಕತೆ?"

ನನಗೆ ಆಗಲೇ ಐವತ್ತು ಪುಟದ ಜ್ಞಾನವಿತ್ತು. ಹೇಳಿದೆ. ಆ ದ್ವೀಪದ ಮೇಲ್ತುದಿಯಲ್ಲಿ ಬೆಲ್‌ಫಾಸ್ಟ್ ಅಂತ ಒಂದು ಊರು. ಅಲ್ಲಿ ಎರಡು ಪಂಗಡ, ಕ್ಯಾಥೊಲಿಕ್ಕರು ಮತ್ತು ಪ್ರಾಟೆಸ್ಟೆಂಟರು. ಪ್ರಾಟೆಸ್ಟೆಂಟರಿಗೆ ಇಂಗ್ಲೆಂಡಿನ ರಾಣಿಯೇ ಬೇಕು, ಕ್ಯಾಥೊಲಿಕ್ಕರಿಗೆ ಐರ್ಲೆಂಡಿನ ಜೊತೆಗೇ ಇರಬೇಕು. ಎರಡೂ ಕಡೆಯವರಿಗೂ ಏಸುವೇ ದೇವರು. ಹೆಸರು ಕೇಳಿದರೆ, ಓದಿದ ಶಾಲೆ ಕೇಳಿದರೆ, ಇರುವ ಬೀದಿ ಕೇಳಿದರೆ ಯಾವ ಕಡೆಯವನೆಂದು ಗೊತ್ತಾಗಿಬಿಡುತ್ತದೆ. ರಸ್ತೆಯ ಅಂಚಿನ ಕಲ್ಲಿಗೂ ತಮ್ಮ ತಮ್ಮ ಬಣ್ಣ ಬಳಿಯುತ್ತಾರೆ. ಜಗಳ ತಡೆಯಲು ಎರಡು ಬೀದಿಯ ನಡುವೆ ಗೋಡೆ ಕಟ್ಟಿ ಅದನ್ನು ಶಾಂತಿಯ ಗೋಡೆ ಎಂದು ಕರೆಯುತ್ತಾರೆ. ಬಾಂಬು, ಬಂದೂಕು, ಬೀದಿಯಲ್ಲಿ ಸೈನಿಕರು. ಹಾಲು ತರಲು ಹೋದವರು ವಾಪಸು ಬರುತ್ತಾರೋ ಇಲ್ಲವೋ.

ಪುಟ್ಟಸ್ವಾಮಿ ಸ್ವಲ್ಪ ಹೊತ್ತು ಕಬ್ಬು ಅಗಿದ. "ದೇವ್ರು ಒಬ್ನೇ ಅಂತೀಯಾ, ಮತ್ಯಾಕ್ ಬಡ್ದಾಡ್ತಾರೆ?" ಎಂದ. ಹಿಂದಿನ ಸಂಜೆ ಅವ್ವನೂ ಇದನ್ನೇ ಕೇಳಿದ್ದಳು. ಇಬ್ಬರಿಗೂ ನಾನು ಕೊಟ್ಟ ಉತ್ತರ ಒಂದೇ, "ಮುಂದೆ ಬರ್ತದೇನೋ ನೋಡಾನ."

ಕಥೆ ಹೀಗೆ. ಬಿಲ್ಲಿ ಎನ್ನುವವನು ಬ್ರೆಡ್ಡಿನ ವ್ಯಾನು ಓಡಿಸುತ್ತಾನೆ. ಪ್ರಾಟೆಸ್ಟೆಂಟು. ಎರಡು ಕಡೆಯ ಬೀದಿಗಳಿಗೂ ಬ್ರೆಡ್ಡು ಹಾಕುತ್ತಾನೆ. ಅವನ ತಂಗಿ ಎಲ್ಸಿ ಕ್ಯಾಥೊಲಿಕ್ ಹುಡುಗನನ್ನು ಮದುವೆಯಾಗಿ ಆ ಬೀದಿಗೆ ಹೋಗುತ್ತಾಳೆ. ಅಂದಿನಿಂದ ಅವನು ಆ ಒಂದು ಬೀದಿಗೆ ವ್ಯಾನು ತಿರುಗಿಸುವುದಿಲ್ಲ.

ಮೂರನೇ ದಿನಕ್ಕೆ ಇಸ್ಪೀಟು ನಿಂತುಹೋಯಿತು. ಹದಿನೈದು ಇಪ್ಪತ್ತು ಜನ ನನ್ನ ಟ್ರೇಲರಿನ ನೆರಳಿನಲ್ಲಿ ಕೂರತೊಡಗಿದರು. ಏಳನೇ ಕ್ಲಾಸಿನವನಿಗೆ ಅಷ್ಟು ದೊಡ್ಡ ಕ್ಲಾಸು! ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನಡುವೆ ನಡುವೆ ಕೆಮ್ಮುವುದನ್ನೂ ಕಲಿತೆ.

ಆದರೆ ನಮ್ಮ ಕಡೆಯ ಜನ ಕಥೆಯನ್ನು ಕಥೆಯ ಪಾಡಿಗೆ ಬಿಡುವವರಲ್ಲ. ಪುಟ್ಟಸ್ವಾಮಿ ಕ್ಯಾಥೊಲಿಕ್ಕರ ಪರ ನಿಂತ. ಅವನಿಗೆ ಆಗದವನೊಬ್ಬ ಆ ಕ್ಷಣವೇ ಪ್ರಾಟೆಸ್ಟೆಂಟಾದ. ಒಂದು ವಾರದಲ್ಲಿ ಎಲ್ಲರೂ ಯಾವುದಾದರೊಂದು ಆಗಿದ್ದರು. ಆಮೇಲೆ ನೋಡಿದರೆ, ತಾಲ್ಲೂಕಿನಲ್ಲಿ ನಮ್ಮ ಪಾರ್ಟಿಗೆ ಓಟು ಹಾಕುವವರೆಲ್ಲ ಕ್ಯಾಥೊಲಿಕ್ಕರು, ಅವರ ಪಾರ್ಟಿಯವರೆಲ್ಲ ಪ್ರಾಟೆಸ್ಟೆಂಟರು! ಯಾರೂ ಹೇಳಿ ಮಾಡಿಸಿದ್ದಲ್ಲ. ಯಾರ್ಡಿನ ಟೀ ಗಾಡಿ ಒಂದೇ ಆದ್ದರಿಂದ ಒಂದು ಕಡೆಯವರು ಕುಡಿದು ಬಂದ ಮೇಲೆ ಇನ್ನೊಂದು ಕಡೆಯವರು ಏಳುತ್ತಿದ್ದರು.

ಒಂದು ದಿನ ತೂಕದ ಸರದಿಯಲ್ಲಿ ಪುಟ್ಟಸ್ವಾಮಿಯ ಕೂಗು ಕೇಳಿಸಿತು. "ಗಾಡಿ ಇಂದಕ್ ತಗಿಯಲೇ, ಪ್ರಾಟೆಸ್ಟೆಂಟ್ ನನ್ಮಗ್ನೆ!"

"ನೀನ್ ತಗಿಯಲಾ! ರಾಣಿ ಕಡೆಯೋರು ನಾವು, ಇಂದಕ್ ಓಗೋ ಮಾತೇ ಇಲ್ಲ!"

ಕಬ್ಬು ತೂಗುವ ಕಾಟಾ ಮನೆಯ ಗುಮಾಸ್ತರು ಹೊರಗೆ ಬಂದು, ಇವರು ಯಾವ ಹೊಸ ಸಂಘದವರು ಎಂದು ನನ್ನನ್ನು ಕೇಳಿದರು. ನಾನು ಪುಸ್ತಕವನ್ನು ಬನಿಯನ್ನಿನ ಕೆಳಗೆ ಬಚ್ಚಿಟ್ಟೆ.

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು, ನಿಜ. ಆದರೆ ಊರಿಗೆ ವಾಪಸು ಬರುವ ದಾರಿಯಲ್ಲಿ ಆ ನಗು ಉಳಿಯಲಿಲ್ಲ. ಕಾರಣ ಮರೆತು ಜಗಳ ಇಟ್ಟುಕೊಳ್ಳುವುದು ಹೇಗೆಂದು ಮೂವತ್ತು ವರ್ಷ ನೋಡಿದ್ದೆ. ಕಾರಣವೇ ಇಲ್ಲದೆ ಜಗಳ ಹುಟ್ಟುವುದನ್ನು ಒಂದೇ ವಾರದಲ್ಲಿ ನೋಡಿದೆ, ಅದೂ ನನ್ನದೇ ಬಾಯಿಂದ. ನಾನು ಓದುವವನು, ನನಗೆ ಪಕ್ಷವಿಲ್ಲ ಎಂದುಕೊಂಡಿದ್ದೆ. ಅದೂ ಸುಳ್ಳು. ಬಿಲ್ಲಿಯ ಮಾತು ಬಂದಾಗಲೆಲ್ಲ ನಾನು ಕೆಳಬೀದಿಯವರ ಧ್ವನಿ ಅಣಕಿಸಿ ಓದುತ್ತಿದ್ದೆನಂತೆ. ಹಾಗೆಂದು ಪುಟ್ಟಸ್ವಾಮಿ ಮೆಚ್ಚಿಕೊಂಡು ಹೇಳಿದ.

ಹನ್ನೊಂದನೇ ಅಧ್ಯಾಯಕ್ಕೆ ಬಂದಾಗ ಆ ಧ್ವನಿ ನನಗೆ ಬರಲಿಲ್ಲ.

ಆ ಅಧ್ಯಾಯದಲ್ಲಿ ಪ್ರಾಟೆಸ್ಟೆಂಟರ ಮೆರವಣಿಗೆ ಹೊರಡುತ್ತದೆ. ಕೊರಳಿಗೆ ಪಟ್ಟಿ, ಕೈಯಲ್ಲಿ ಬಾವುಟ, ಮನುಷ್ಯನ ಎದೆಯನ್ನು ಮುಚ್ಚುವಷ್ಟು ದೊಡ್ಡ ಡೋಲುಗಳು. ಬೇರೆ ದಾರಿ ಇದ್ದರೂ ಬೇಕೆಂದೇ ಕ್ಯಾಥೊಲಿಕ್ಕರ ಬೀದಿಯಲ್ಲಿ ಹೋಗುತ್ತಾರೆ. ಒಂದು ಮನೆಯ ಮುಂದೆ ಮೆರವಣಿಗೆ ನಿಲ್ಲುತ್ತದೆ. ಅಲ್ಲಿ ಡೋಲಿಗೆ ಜೋರು ಪೆಟ್ಟು ಹಾಕುವವನು ಬಿಲ್ಲಿ. ಒಳಗೆ ಎಲ್ಸಿ, ಎಲ್ಸಿಯ ಪಕ್ಕದಲ್ಲಿ ಹಸುಗೂಸು.

ಏಳು ವರ್ಷದ ಹಿಂದೆ ನಮ್ಮೂರಿನ ಡೈರಿ ಚುನಾವಣೆಯಲ್ಲಿ ನಮ್ಮ ಪಾರ್ಟಿ ಗೆದ್ದಿತು. ನಮ್ಮ ಕಡೆ ಗೆದ್ದವರ ಮೆರವಣಿಗೆ ಸೋತವರ ಮನೆಯ ಮುಂದೆ ನಿಂತೇ ಮುಂದಕ್ಕೆ ಹೋಗುವುದು. ತಮಟೆಯವರಿಗೂ ಅದು ಗೊತ್ತು, ಅಲ್ಲಿ ತಾವಾಗಿ ಬಡಿತದ ಗತ್ತು ಬದಲಾಯಿಸುತ್ತಾರೆ. ಆ ಮಧ್ಯಾಹ್ನ ಉಮೇಶನ ಮನೆಯ ಮುಂದೆ ಯಾರೋ ಪಟಾಕಿ ಸರ ಉದ್ದಕ್ಕೆ ಹಾಸಿದರು. ಸಾವಿರದ ಸರ. ಹಚ್ಚುವವರು ಯಾರು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಚ್ಚಿದೆ. ಭಾಗ್ಯ ಬಾಣಂತಿ ಎಂದು ನನಗೆ ಗೊತ್ತಿತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ನನ್ನಿಂದಾಗಿ ಗಂಡನ ಮನೆಯಲ್ಲೇ ಆಯಿತು. ಅವ್ವ ಮೂರು ತಿಂಗಳು ಅಲ್ಲೇ ಇದ್ದು ಮಗುವಿಗೆ ನೀರು ಹಾಕುತ್ತಿದ್ದಳು. ಸರ ಸಿಡಿದು ಮುಗಿದು, ಹೊಗೆಯ ನಡುವೆ ಒಂದು ಕ್ಷಣ ಎಲ್ಲ ತಣ್ಣಗಾದಾಗ, ಒಳಗಿನಿಂದ ಮಗುವಿನ ಅಳು ಕೇಳಿಸಿತು. ಸೋದರಸೊಸೆಯ ಮುಖ ನಾನು ಆವರೆಗೆ ನೋಡಿರಲಿಲ್ಲ, ಧ್ವನಿ ಕೇಳಿದ್ದು ಹಾಗೆ.

ಹನ್ನೊಂದನೇ ಅಧ್ಯಾಯವನ್ನು ನಾನು ಅವ್ವನಿಗೆ ಓದಲಿಲ್ಲ, ಯಾರ್ಡಿನಲ್ಲೂ ಓದಲಿಲ್ಲ. ಹತ್ತರಿಂದ ಹನ್ನೆರಡಕ್ಕೆ ಹೋದೆ. ಇದು ಎರಡನೆಯ ಜಾಗ. ಅವ್ವ ಏನೂ ಕೇಳಲಿಲ್ಲ. ಯಾರ್ಡಿನಲ್ಲಿ ಮಾತ್ರ ಟ್ರೇಲರಿನ ಆಚೆ ಬದಿಯಿಂದ ಒಂದು ದನಿ ಬಂತು.

"ಒಂದ್ ಅಧ್ಯಾಯ ಆರುಸ್ಬುಟ್ಟೆ."

ಬಗ್ಗಿ ನೋಡಿದರೆ ಬೋರೇಗೌಡ, ಉಮೇಶನ ಅಣ್ಣ. ಅವನೂ ಕಬ್ಬಿನ ಗಾಡಿ ಹೊಡೆಯುತ್ತಾನೆ. ಒಂಬತ್ತು ವರ್ಷದಿಂದ ಒಂದೇ ಸಾಲಿನಲ್ಲಿ ನಿಂತಿದ್ದರೂ ನಾವಿಬ್ಬರೂ ಮಾತಾಡಿರಲಿಲ್ಲ. ಅಷ್ಟು ದಿನವೂ ಅವನು ಟ್ರೇಲರಿನ ಆಚೆ ಬಿಸಿಲಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದನಂತೆ.

"ನಿಂಗೆಂಗ್ ಗೊತ್ತು?" ಎಂದೆ.

"ನಮ್ಮನೇಲೇ ಬರ್ದದ್ದು ಕಣಯ್ಯ ಅದ. ಎಲ್ಡು ವರ್ಸ ಆ ಹೆಣ್ಮಗ ಊಟದ್ ಮಣೆ ಮೇಲೆ ಕುಂತ್ಕಂಡು ಬರ್ದವ್ಳೆ. ಒಂದೊಂದ್ ಪುಟಾನೂ ನಂಗೆ ಓದಿ ಏಳೋಳು. ಡೋಲ್ ಬಾರ್ಸದ ಯಾಕ್ ಬುಟ್ಟೆ?"

ಎಲ್ಲರೂ ನನ್ನನ್ನು ನೋಡಿದರು. "ಡೋಲಾ? ಯಾವ ಡೋಲು? ಓದ್ಲಾ!" ಎಂದು ಪುಟ್ಟಸ್ವಾಮಿ ಗದ್ದಲ ಮಾಡಿದ.

ಓದಿದೆ. ನನ್ನ ಧ್ವನಿಯಲ್ಲೇ ಓದಿದೆ, ಬೇರೆ ಧ್ವನಿ ಇರಲಿಲ್ಲ. ಮಗು ಬೆಚ್ಚಿಬೀಳುವ ಸಾಲು ಬಂದಾಗ ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿ ಎರಡು ಸಲ ನಿಲ್ಲಿಸಿದೆ. ಆ ಪುಟದ ಮೂಲೆ ಈಗಲೂ ಎಲ್ಲಕ್ಕಿಂತ ಕಪ್ಪು. ಮುಗಿಸಿ ತಲೆ ಎತ್ತದೆ ಹೇಳಿದೆ, "ಬೋರೇಗೌಡ್ರೆ, ಆವತ್ತು ನಿಮ್ಮನೆ ಮುಂದೆ ಪಟಾಕಿ ಅಚ್ಚಿದ್ದು ನಾನು."

"ಗೊತ್ತು," ಎಂದ ಬೋರೇಗೌಡ. "ಊರ್ಗೆಲ್ಲಾ ಗೊತ್ತು. ನಿಂಗ್ ಗೊತ್ತಾಗ್ಲಿ ಅಂತ ಕಾಯ್ತಿದ್ದೊ."

ಪುಟ್ಟಸ್ವಾಮಿ ಸಿಗಿದ ಕಬ್ಬನ್ನು ಬಾಯಿಗೆ ಹಾಕುವುದನ್ನೂ ಮರೆತು ಕೂತಿದ್ದ. ಕೊನೆಗೆ ಬೋರೇಗೌಡನೇ ಎದ್ದು ಟವೆಲು ಕೊಡವಿ, "ಮುಂದಕ್ಕೋದು. ಈ ಕಡೆ ಬಿಸ್ಲು ಜಾಸ್ತಿ," ಎಂದು ಟ್ರೇಲರಿನ ಸುತ್ತ ಬಳಸಿ ಬಂದು ನನ್ನ ಪಕ್ಕದ ನೆರಳಿನಲ್ಲಿ ಕೂತ. ಯಾವ ಕಡೆಯ ನೆರಳು ಎಂದು ಯಾರೂ ಕೇಳಲಿಲ್ಲ. ಅಂದು ಟೀ ಗಾಡಿಗೆ ಎಲ್ಲರೂ ಒಟ್ಟಿಗೆ ಹೋದರು. ಗಾಡಿಯವನು ಲೋಟ ಸಾಲದೆ ಎಲ್ಲರನ್ನೂ ಬೈದುಕೊಂಡ.

ಮುಂದಿನ ತಿಂಗಳು ಗೌರಿ ಹಬ್ಬ. ಸಂತೆಯಿಂದ ತಂದ ಮೊರಗಳನ್ನು ಜಯ ಅರಿಸಿನ ಬಳಿದು ಒಣಗಿಸಿದಳು. ಅಕ್ಕಿ, ಬೇಳೆ, ಬೆಲ್ಲ, ಬಳೆ, ತೆಂಗಿನಕಾಯಿ, ರವಿಕೆ ಕಣ ಜೋಡಿಸಿದಳು. ನಾನು ಅಟ್ಟದ ಕಡೆ ನೋಡಿ, ಹಳೆಯ ಎಂಟು ಜೊತೆಯನ್ನೂ ಇಳಿಸಿಕೊಡು, ಎಲ್ಲ ಒಟ್ಟಿಗೆ ಒಯ್ದುಬಿಡುತ್ತೇನೆ ಎಂದೆ.

"ಸುಮ್ಕಿರಿ. ಆ ಮೊರ್ದಲ್ಲೆಲ್ಲ ರಾಗಿ ಕೇರಿ ತಳ ಓಗದೆ. ಬಾಕಿ ತೀರ್ಸೋಕೆ ಓಯ್ತಿದೀರೋ, ತಂಗಿ ನೋಡಕ್ ಓಯ್ತಿದೀರೋ?" ಎಂದಳು.

ಹೊಸ ಜೊತೆಯನ್ನು ಟವೆಲಿನಲ್ಲಿ ಮುಚ್ಚಿ ತಲೆಯ ಮೇಲಿಟ್ಟುಕೊಂಡು ಹೊರಟೆ. ಅವ್ವ ಮುಂದೆ, ನಾನು ಹಿಂದೆ. ನಮ್ಮ ಬೀದಿಯ ಮಾದಣ್ಣನ ಹೋಟೆಲಿನ ಮುಂದೆ ಕೂತಿದ್ದ ನಮ್ಮ ಪಾರ್ಟಿಯವರು ಲೋಟ ಕೆಳಗಿಟ್ಟು ನೋಡಿದರು. ನಾನು ಹೆಜ್ಜೆ ಎಣಿಸಿದೆ. ಇನ್ನೂರು ಎಂದು ಒಂಬತ್ತು ವರ್ಷ ಹೇಳಿಕೊಂಡು ಬಂದಿದ್ದೆ. ನಡೆದು ನೋಡಿದರೆ ನೂರ ಎಪ್ಪತ್ತನಾಲ್ಕು.

ಬಾಗಿಲಲ್ಲಿ ಒಂದು ಹುಡುಗಿ ಜಡೆ ಹಾಕಿಸಿಕೊಳ್ಳುತ್ತಾ ನಿಂತಿತ್ತು. ಏಳು ವರ್ಷದ್ದು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕಣ್ಣರಳಿಸಿ ಕೇಳಿತು, "ನೀನೇನಾ ಪಟಾಕಿ ಮಾವ? ಪಟಾಕಿ ತಂದಿದೀಯಾ?"

ಅವಳ ಜಡೆ ಹೆಣೆಯುತ್ತಿದ್ದ ಭಾಗ್ಯಳ ಕೈ ಅಲ್ಲೇ ನಿಂತಿತು. ಆ ಮಗುವಿಗೆ ಕೆಳಬೀದಿಯಲ್ಲಿ ಯಾರೋ ಹೇಳಿಕೊಟ್ಟಿದ್ದ ಹೆಸರು ಅದು. ಅದಕ್ಕೆ ಅರ್ಥ ಗೊತ್ತಿರಲಿಲ್ಲ, ಪಟಾಕಿ ತರುವ ಒಳ್ಳೆಯ ಮಾವ ಎಂದುಕೊಂಡಿತ್ತು. ನಾನು ಮೊರವನ್ನು ಇಳಿಸಿ, "ಔದು ಕಣವ್ವ. ಆ ಮಾವನೇ ನಾನು. ಪಟಾಕಿ ತಂದಿಲ್ಲ," ಎಂದೆ.

ಭಾಗ್ಯ ಮೊರವನ್ನು ಸೆರಗೊಡ್ಡಿ ತೆಗೆದುಕೊಂಡಳು. ಒಳಗೆ ಕರೆದು ನೀರು ಕೊಟ್ಟಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಚೆನ್ನಾಗಿತ್ತು, ಪುಸ್ತಕದ ಮಾತಿನ ಹಾಗಿತ್ತು. ಬಾಯಿಗೆ ಬಂದದ್ದು ಇಷ್ಟೇ: "ತಪ್ಪಾಯ್ತು ಕಣಮ್ಮ."

"ಹನ್ನೊಂದನೇ ಅಧ್ಯಾಯ ಮಾಡುವಾಗ ಮೂರು ವಾರ ಕೂತಿದ್ದೆ ಅಣ್ಣ," ಎಂದಳು. "ಬೇರೆ ಕಡೆಯೆಲ್ಲ ಮಾತು ಮಾತಿಗೂ ನಿಘಂಟು ನೋಡ್ತಿದ್ದೆ. ಮಗು ಬೆಚ್ಚಿಬೀಳೋ ಜಾಗಕ್ಕೆ ಮಾತ್ರ ನೋಡ್ಲಿಲ್ಲ. ಬರೀತಾ ಬರೀತಾ ನಿನ್ನ ಮೇಲಿನ ಸಿಟ್ಟು ಖರ್ಚಾಗೋಯ್ತು. ಬಿಲ್ಲಿ ಹೆದ್ರಿದಾನೆ, ಜೋರು ಪೆಟ್ಟು ಹಾಕೋನಿಗೇ ಭಯ ಜಾಸ್ತಿ ಅಂತ ಬರಿಯೋಕೆ ನನ್ಗೆ ನಿನ್ನ ಮುಖ ಬೇಕಾಯ್ತು."

ನಾನು ಸೊಂಟಕ್ಕೆ ಸಿಕ್ಕಿಸಿ ತಂದಿದ್ದ ಪುಸ್ತಕ ತೆಗೆದೆ. ತಪ್ಪು ಒಪ್ಪಿಕೊಂಡವನು ಸುಮ್ಮನಿರಬೇಕು. ಆದರೆ ಓದಿದವನಿಗೆ ಸುಮ್ಮನಿರಲು ಆಗುವುದಿಲ್ಲ ಎಂದು ಈಗ ನನಗೂ ಗೊತ್ತಾಗಿದೆ.

"ಒಂದ್ ಜಾಗ್ದಲ್ಲಿ ನೀನೂ ತಪ್ ಮಾಡಿದೀಯ," ಎಂದೆ. "ಇಳಿಜಾರಿನಲ್ಲಿ ಬಿಲ್ಲಿ ಗೇರು ತಪ್ಪಿಸಿ ಕ್ಲಚ್ಚು ತುಳಿದು ವ್ಯಾನು ನಿಲ್ಲಿಸಿದ ಅಂತ ಬರ್ದಿದೀಯ. ಅಂಗ್ ಮಾಡುದ್ರೆ ಗಾಡಿ ನಿಂತ್ಕಳಲ್ಲ ಕಣಮ್ಮ, ಸೀದಾ ಎದುರ್ಮನೆಗೆ ನುಗ್ತದೆ. ಬ್ರೇಕ್ ತುಳೀಬೇಕು."

ಭಾಗ್ಯ ಪುಸ್ತಕ ಕಿತ್ತುಕೊಂಡು ಆ ಪುಟ ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು, ನಗುತ್ತಾ ಕಣ್ಣು ಒರೆಸಿಕೊಂಡಳು. "ಮೇಷ್ಟ್ರುಗಳೆಲ್ಲ ಓದಿದ್ರು, ಒಬ್ರಿಗೂ ಕಾಣ್ಲಿಲ್ಲ," ಎಂದು ಪೆನ್ಸಿಲು ತಂದು 'ಕ್ಲಚ್ಚು' ಹೊಡೆದು ಪಕ್ಕದಲ್ಲಿ ತಿದ್ದಿದಳು. ನಾಲ್ಕನೇ ಕ್ಲಾಸಿನಿಂದ ನನ್ನ ತಪ್ಪು ತಿದ್ದುತ್ತಾ ಬಂದವಳ ತಪ್ಪನ್ನು ನಾನು ತಿದ್ದಿದ್ದು ಅದೊಂದೇ ಸಲ. ಮುಂದಿನ ಮುದ್ರಣದಲ್ಲಿ ಬ್ರೇಕು ಇರುತ್ತದೆ, ಯಾರು ಬೇಕಾದರೂ ನೋಡಬಹುದು.

ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅವ್ವ ಹೇಳಿದಳು, "ಅದೆಲ್ಲಾ ಇರ್ಲಿ. ಪ್ರೆಸ್ಸಿನೋರ ಅಡ್ರೆಸ್ ಇರೋ ಆಳೆ ಒಂದ್ಸಲ ಓದ್ಲಾ, ಕೇಳಾನ."

ಅವ್ವನ ಮುಖ ನೋಡಿದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಎದ್ದು ನಿಂತೆ, ಶಾಲೆಯಲ್ಲಿ ನಿಲ್ಲುವ ಹಾಗೆ. ಗಟ್ಟಿಯಾಗಿ, ಎತ್ತು ಹೊಡೆಯುವ ಗಂಟಲಿನಲ್ಲಿ, ಆ ಒಂದು ಸಾಲು ಓದಿದೆ. ಬಾಗಿಲ ಬಳಿ ನಿಂತಿದ್ದ ಬೋರೇಗೌಡ, "ಊ, ಈಗ ಸರಿ," ಎಂದ. ನಾನು ಅವನನ್ನು ಮೊದಲ ಸಲ "ಬನ್ನಿ ಬಾವ, ಕುಂತ್ಕಳಿ," ಎಂದೆ, ಅವನ ಮನೆಯಲ್ಲೇ.

ಊಟ ಮುಗಿಸಿ, ಅವರ ಬೀದಿಯ ಹೋಟೆಲಿನಲ್ಲಿ ಬಾವ ಕೊಡಿಸಿದ ಟೀ ಕುಡಿದು, ವಾಪಸು ಬರುವಾಗ ಮಾದಣ್ಣ ಹೋಟೆಲಿನಿಂದ ಹೊರಗೆ ಬಂದು ದಾರಿಗೆ ಅಡ್ಡ ನಿಂತ. ಅವನ ಹಿಂದೆ ನಮ್ಮ ಪಾರ್ಟಿಯವರೆಲ್ಲ ಕಿವಿ ನಿಮಿರಿಸಿ ಕೂತಿದ್ದರು.

"ಎಲ್ಲಿಗ್ ಓಗಿದ್ಯೋ ರಾಜ?"

"ಐರ್ಲೆಂಡ್‌ಗೆ."

"ಟೀ ಕುಡುದ್ಯಾ?"

"ಕುಡುದೆ ಮಾದಣ್ಣ. ನಮ್ ಡೈರಿ ಹಾಲೇ."